ಹೆರಿಗೆ ರಜೆ, ಗಳಿಕೆ ರಜೆ, ನಿಂತುಹೋದ ಸಂಬಳ: ಕಲಬುರಗಿ ಭಾಗದ ಸರ್ಕಾರಿ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಟೀಚರ್. ಹತ್ತೊಂಬತ್ತು ವರ್ಷದ ಸರ್ವಿಸ್ ಆಯ್ತು. ಮೊದಲ ಹೆರಿಗೆ ರಜೆಯ ಸಂಬಳಕ್ಕಾಗಿ ಏಳು ತಿಂಗಳು ಕಾದವಳು. ಅಂದಿನಿಂದ ಯಾರೇ ಹೊಸ ಟೀಚರ್ ಫೋನ್ ಮಾಡಿ "ಮೇಡಂ, ನನ್ನ ರಜಾ ಫೈಲು ಮುಂದಕ್ಕ ಹೋಗವಲ್ದು" ಅಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಮಾತಾಡುತ್ತೇನೆ. ಆಳಂದ, ಅಫಜಲಪುರ, ಸೇಡಂ, ಚಿಂಚೋಳಿ, ಯಾದಗಿರಿ, ಹುಮನಾಬಾದ್, ಎಲ್ಲಾ ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೇ ಇಲ್ಲಿ ಬರೆದಿದ್ದೇನೆ. ಹೆಚ್ಚಿನದು ರಾಜ್ಯ ಸರ್ಕಾರಿ ನೌಕರರಿಗೆ, ಅಂದರೆ 1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳು, ನಾವೆಲ್ಲ ಕೆಸಿಎಸ್‌ಆರ್ ಅನ್ನುವ ಆ ನಿಯಮಗಳ ಕೆಳಗೆ ಬರುವವರಿಗೆ. ಗುತ್ತಿಗೆ, ಹೊರಗುತ್ತಿಗೆ ನೌಕರರಿಗೆ ಬೇರೆ ಉತ್ತರ ಇದೆ.

ಹೆರಿಗೆ ರಜೆ ಎಷ್ಟು ದಿನ? ಸಂಬಳ ಪೂರ್ತಿ ಬರುತ್ತದಾ?

180 ದಿನ. ಪೂರ್ತಿ ಸಂಬಳ. ಜೀವಂತ ಇರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರಬೇಕು ಅನ್ನುವುದು ನಿಯಮ, ಹಾಗಾಗಿ ಮೊದಲ ಎರಡು ಮಕ್ಕಳಿಗೆ ತಕರಾರು ಬರಬಾರದು. ಭಾನುವಾರ, ಹಬ್ಬ ಎಲ್ಲ ಸೇರಿಯೇ 180 ದಿನ ಎಣಿಸುತ್ತಾರೆ.

ಈ ರಜೆ ನಿಮ್ಮ ಗಳಿಕೆ ರಜೆಯಿಂದಾಗಲಿ (ಕೆಲಸ ಮಾಡಿದ್ದಕ್ಕೆ ಖಾತೆಗೆ ಜಮಾ ಆಗುವ ಪೂರ್ತಿ ಸಂಬಳದ ರಜೆ) ಅರ್ಧ ವೇತನ ರಜೆಯಿಂದಾಗಲಿ ಕಳೆಯುವಂಥದ್ದಲ್ಲ. ಒಬ್ಬ ಟೀಚರ್‌ಗೆ "ಮೊದಲು ನಿಮ್ಮ ಗಳಿಕೆ ರಜೆ ಮುಗಿಸ್ರಿ, ಉಳಿದದ್ದು ಹೆರಿಗೆ ರಜೆ ಮಾಡೋಣ" ಅಂತ ಹೇಳಿದ್ದರಂತೆ. ಆಕೆ ಒಪ್ಪಿಯೂ ಬಿಟ್ಟಿದ್ದಳು. ಒಪ್ಪಬೇಡಿ. ಬೇಕಿದ್ದರೆ ಹೆರಿಗೆ ರಜೆ ಮುಗಿದ ಮೇಲೆ ಗಳಿಕೆ ರಜೆಯನ್ನು ಅದಕ್ಕೆ ಜೋಡಿಸಿಕೊಳ್ಳಬಹುದು. ಹಾಗೆ ಜೋಡಿಸುವುದು ನಿಮ್ಮ ಆಯ್ಕೆ, ಕಚೇರಿಯದಲ್ಲ.

ರಜೆ ಮಂಜೂರು ಆಗುವ ಮೊದಲೇ ಹೋಗಬಹುದಾ?

ರಜೆ ಹಕ್ಕಲ್ಲ ಅನ್ನುವ ಮಾತು ನಿಯಮದಲ್ಲಿದೆ, ಎಲ್ಲರೂ ಅದನ್ನು ಹೇಳಿ ಹೆದರಿಸುತ್ತಾರೆ. ಅರ್ಜಿ, ರಜಾ, ಮಂಜೂರು, ಖಜಾನೆ ಇವೆಲ್ಲ ಉರ್ದು, ಪಾರಸಿಯಿಂದ ನಮ್ಮ ಕಚೇರಿಗಳಿಗೆ ಬಂದ ಮಾತುಗಳು. ರಜಾ ಅಂದರೆ ಮೂಲದಲ್ಲಿ ಒಪ್ಪಿಗೆ ಅಂತಲೇ ಅರ್ಥ. ಒಪ್ಪಿಗೆ ಇಲ್ಲದೆ ಹೋದರೆ ಅನಧಿಕೃತ ಗೈರುಹಾಜರಿ ಅಂತ ಬರೆಯಲು ಅವಕಾಶ ಆಗುತ್ತದೆ.

ಆದರೆ ಹೆರಿಗೆ ನೋವು ಆದೇಶ ಬರಲಿ ಅಂತ ಕಾಯುವುದಿಲ್ಲ ಅಲ್ವಾ? ಅದಕ್ಕೇ ಡಾಕ್ಟರ್ ದಿನಾಂಕ ಹೇಳಿದ ಕೂಡಲೇ ಅರ್ಜಿ ಬರೆದಿಡಿ. ಒಂದು ತಿಂಗಳು ಮುಂಚೆಯೇ ಕೊಡಿ. ಅವಧಿಗೆ ಮೊದಲೇ ನೋವು ಬಂತು ಅಂದರೆ ಮನೆಯವರ ಕೈಯಲ್ಲಿ ಅರ್ಜಿ ಕಳಿಸಿ, ಅದೇ ದಿನ ಮುಖ್ಯಗುರುಗಳಿಗೆ ಮೆಸೇಜ್ ಮಾಡಿ, ಆ ಮೆಸೇಜ್ ಅಳಿಸಬೇಡಿ. ಫೋನಿನಲ್ಲಿ "ಹೂಂ, ಹೋಗಿ ಬಾರವ್ವ" ಅಂದದ್ದು ಪ್ರೀತಿಯ ಮಾತು, ನಿಜ. ಅದು ಫೈಲಿನಲ್ಲಿ ಸೇರುವುದಿಲ್ಲ.

ಅರ್ಜಿಯ ಜೊತೆ ಏನೇನು ಇಡಬೇಕು?

ರಜೆ ಅರ್ಜಿ ನಮೂನೆ, ಹೆರಿಗೆಯ ಅಂದಾಜು ದಿನಾಂಕ ಬರೆದ ಡಾಕ್ಟರ್ ಸರ್ಟಿಫಿಕೇಟ್, ತಾಯಿ ಕಾರ್ಡಿನ ಮೊದಲ ಪುಟದ ಜೆರಾಕ್ಸ್, ಇರುವ ಮಕ್ಕಳ ಸಂಖ್ಯೆ ತಿಳಿಸುವ ಒಂದು ಹಾಳೆ. ಹೆರಿಗೆ ಆದ ಮೇಲೆ ಡಿಸ್ಚಾರ್ಜ್ ಚೀಟಿ ಮತ್ತು ಮಗುವಿನ ಜನನ ಪ್ರಮಾಣಪತ್ರ. ಎಚ್‌ಆರ್‌ಎಂಎಸ್‌ನಲ್ಲಿ (ನೌಕರರ ಸಂಬಳ, ಸೇವೆಯ ವಿವರ ಇಡುವ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ) ಆನ್‌ಲೈನ್ ಅರ್ಜಿ ಹಾಕುವ ವ್ಯವಸ್ಥೆ ನಿಮ್ಮ ಕಚೇರಿಗೆ ಬಂದಿದ್ದರೆ ಅದರಲ್ಲೂ ಹಾಕಿ, ಕಾಗದದಲ್ಲೂ ಕೊಡಿ. ಎರಡೂ ಯಾಕೆ ಅಂತ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಹಾಕಿದ್ದು ಯಾರ ಲಾಗಿನ್‌ನಲ್ಲಿ ನಿಂತಿದೆ ಅಂತ ಕಾಣುತ್ತದೆ. ಕಾಗದದಲ್ಲಿ ಕೊಟ್ಟದ್ದಕ್ಕೆ ಸೀಲ್ ಸಿಗುತ್ತದೆ. ನಮಗೆ ಎರಡೂ ಬೇಕು.

ಎಲ್ಲಕ್ಕಿಂತ ಮುಖ್ಯ: ಅರ್ಜಿ ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಡಿ. ಇನ್ನೊಂದರ ಮೇಲೆ ಕಚೇರಿಯ ಸೀಲ್, ದಿನಾಂಕ, ಆವಕ ಸಂಖ್ಯೆ (ಬಂದ ಕಾಗದಕ್ಕೆ ಕಚೇರಿ ಕೊಡುವ ನಂಬರ್) ಹಾಕಿಸಿಕೊಂಡು ಮನೆಗೆ ತನ್ನಿ. ಆವಕ ಸಂಖ್ಯೆ ಇಲ್ಲದ ಅರ್ಜಿ ಇಡೀ ಲೋಕಕ್ಕೆ ಗೊತ್ತಿದ್ದರೂ ಆ ಕಚೇರಿಗೆ ಬಂದೇ ಇಲ್ಲ ಅಂತ ತಿಳಿಯಿರಿ.

ಅರ್ಜಿ ಕೊಟ್ಟು ಎರಡು ತಿಂಗಳಾಯ್ತು, ಸಂಬಳವೂ ನಿಂತಿದೆ. ಹೋದಾಗಲೆಲ್ಲ "ಮುಂದಿನ ವಾರ ಬರ್ರಿ" ಅಂತಾರೆ. ಏನು ಮಾಡಲಿ?

ಇದಕ್ಕೆ ಉತ್ತರ ಹೇಳುವ ಮುಂಚೆ ನನ್ನ ಕಥೆ ಹೇಳಬೇಕು. ಕಚೇರಿಯ ಹೆಸರು ಬೇಡ.

ಮೊದಲ ಮಗ ಹುಟ್ಟಿದಾಗ ನಾನು ಅರ್ಜಿಯನ್ನು ಕೈಯಲ್ಲಿ ಕೊಟ್ಟು ಬಂದಿದ್ದೆ. ಸೀಲ್ ಹಾಕಿಸಿಕೊಳ್ಳಬೇಕು ಅಂತ ಗೊತ್ತಿರಲಿಲ್ಲ. ಎರಡನೇ ತಿಂಗಳಿಂದ ಸಂಬಳ ಬರಲಿಲ್ಲ. ಬಾಣಂತನ ತವರಿನಲ್ಲಿ, ಮನೆಯವರ ದುಡಿಮೆ ಅಷ್ಟಕ್ಕಷ್ಟೆ. ಅವ್ವ ತನ್ನ ಬೋರಮಾಳ ಸರ ಒತ್ತೆ ಇಟ್ಟಳು. ರಜೆ ಮುಗಿಸಿ ಹಾಜರಾದೆ. ಮುಂದಿನ ತಿಂಗಳೂ ಸಂಬಳ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಬಸ್ ಬದಲಿಸಿ ಕಚೇರಿಗೆ ಹೋದೆ. ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ಕಚೇರಿ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಬಾಗಿಲಿಗೆ ಬೀಗ. ಮರದ ಕೆಳಗೆ ಕೂತು ಮಗುವಿಗೆ ಹಾಲು ಕೊಟ್ಟು ವಾಪಸ್ ಬಂದೆ.

ಹೀಗೆ ಐದು ಸಲ. ನಡುವೆ ಕೇಸ್ ವರ್ಕರ್ ಬದಲಾದರು. ಹೊಸಬರು "ನನ್ನ ಚಾರ್ಜಿನಾಗ ಈ ಫೈಲೇ ಬಂದಿಲ್ರಿ ಮೇಡಂ" ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಕೊನೆಗೆ ಅಲ್ಲಿನ ಹಿರಿಯ ಜವಾನ ಒಬ್ಬರು, ನನ್ನ ಮಗುವಿನ ಅಳು ಕೇಳಲಾರದೆ ಇರಬೇಕು, ಎದ್ದು ಹೋಗಿ ಅಲ್ಮಾರದಿಂದ ಕೆಂಪು ಬಟ್ಟೆಯ ಗಂಟೊಂದನ್ನು ಇಳಿಸಿದರು. ಅದರಲ್ಲಿ ನನ್ನ ಫೈಲು. ಅದರ ಟಿಪ್ಪಣಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಒಂದೇ ಸಾಲು: "ಸೇ.ವ. ನಮೂದು ಇಲ್ಲ".

ಸೇವಾ ವಹಿಯಲ್ಲಿ, ಅಂದರೆ ನೌಕರಿಯ ಪೂರ್ತಿ ವಿವರ ಬರೆದಿಡುವ ಸರ್ವಿಸ್ ಪುಸ್ತಕದಲ್ಲಿ, ನಮೂದು ಇಲ್ಲ. ಅಷ್ಟೆ. ಎರಡು ವರ್ಷ ಮುಂಚೆ ನಾನು ವರ್ಗವಾಗಿ ಬಂದಾಗ ಹಾಜರಾದ ದಿನಾಂಕವನ್ನು ಯಾರೂ ಸೇವಾ ವಹಿಯಲ್ಲಿ ಬರೆದಿರಲಿಲ್ಲ. ಪುಟದಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದರು. ಅಲ್ಲಿಂದ ಮುಂದೆ ರಜೆ ಖಾತೆಯೂ ನಿಂತುಹೋಗಿತ್ತು. ಹಳೆ ಶಾಲೆಯಿಂದ ಬಿಡುಗಡೆ ಪತ್ರ, ಹೊಸ ಶಾಲೆಗೆ ಹಾಜರಾದ ವರದಿ, ಎರಡರ ಜೆರಾಕ್ಸ್ ತಂದುಕೊಟ್ಟೆ. ಇಪ್ಪತ್ತು ನಿಮಿಷದಲ್ಲಿ ಬರೆದರು. ಏಳು ತಿಂಗಳ ಕಾಯುವಿಕೆಗೆ ಇಪ್ಪತ್ತು ನಿಮಿಷದ ಮದ್ದು ಇತ್ತು. ನನಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ "ಯಾವಾಗ ಆಗ್ತದ್ರಿ?" ಅಂತ ಕೇಳಬೇಡಿ. ಆ ಪ್ರಶ್ನೆಗೆ "ಮುಂದಿನ ವಾರ" ಅನ್ನುವುದೇ ಉತ್ತರ. "ಸರ್, ಟಿಪ್ಪಣಿಯಲ್ಲಿ ಏನು ಆಕ್ಷೇಪಣೆ ಬರೆದಿದೆ? ನಾನು ಯಾವ ಕಾಗದ ತರಬೇಕು?" ಅಂತ ಕೇಳಿ. ಈ ಪ್ರಶ್ನೆಗೆ ಫೈಲು ತೆಗೆಯಲೇಬೇಕಾಗುತ್ತದೆ.

ಫೈಲು ಎಲ್ಲೆಲ್ಲಿ ಹೋಗುತ್ತದೆ?

ಶಾಲೆಯಿಂದ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ. ಅಲ್ಲಿ ಟಪಾಲು, ಆಮೇಲೆ ವಿಷಯ ನಿರ್ವಾಹಕರು (ಕೇಸ್ ವರ್ಕರ್), ಅಧೀಕ್ಷಕರು, ಸಾಹೇಬರು. ಆದೇಶ ಆದ ಮೇಲೆ ಸೇವಾ ವಹಿಯಲ್ಲಿ ನಮೂದು, ಎಚ್‌ಆರ್‌ಎಂಎಸ್‌ನಲ್ಲಿ ರಜೆ ದಾಖಲು, ಆಮೇಲೆ ಸಂಬಳದ ಬಿಲ್ಲು, ಖಜಾನೆ-2 ಅನ್ನುವ ಆನ್‌ಲೈನ್ ವ್ಯವಸ್ಥೆಯ ಮೂಲಕ ಖಜಾನೆಗೆ. ಬೇರೆ ಇಲಾಖೆಯವರಿಗೆ ಕಚೇರಿಯ ಹೆಸರು ಬದಲಾಗುತ್ತದೆ, ದಾರಿ ಇದೇ.

ಇದರಲ್ಲಿ ಜಾಸ್ತಿ ನಿಲ್ಲುವುದು ಎರಡು ಕಡೆ. ಒಂದು, ವಿಷಯ ನಿರ್ವಾಹಕರ ಟೇಬಲ್. ಅವರ ಮೇಲೆ ಸಿಟ್ಟು ಬರುತ್ತದೆ, ಆದರೆ ಖಾಲಿ ಹುದ್ದೆಗಳ ಕೆಲಸವೂ ಅವರ ತಲೆ ಮೇಲೇ ಇರುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಎರಡು, ಆದೇಶ ಆದ ಮೇಲೆ ಎಚ್‌ಆರ್‌ಎಂಎಸ್‌ನಲ್ಲಿ ಏರಿಸುವುದು. ಆದೇಶದ ಪ್ರತಿ ಕೈಗೆ ಬಂತು ಅಂತ ಖುಷಿಯಲ್ಲಿ ಮನೆಗೆ ಬರುತ್ತೀರಿ, ಸಂಬಳದ ಪಟ್ಟಿಯಲ್ಲಿ ನಿಮ್ಮ ಹೆಸರು ತಡೆ ಹಿಡಿದಂತೆಯೇ ಇರುತ್ತದೆ. ಆದೇಶ ಬಂದ ದಿನವೇ ಸಂಬಳದ ಬಿಲ್ ಮಾಡುವವರಿಗೆ ಒಂದು ಪ್ರತಿ ಕೊಡಿ. ನಿಂತ ತಿಂಗಳುಗಳದ್ದು ಬಾಕಿ ಬಿಲ್ಲಾಗಿ ಬರುತ್ತದೆ. ಬಾಕಿ ಬಿಲ್ಲು ಮಾಡಿ ಅಂತ ಬೇರೆ ಅರ್ಜಿ ಕೊಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ತಿಂಗಳ ಸಂಬಳ ಬಂದ ಮೇಲೆ ಹಳೆಯದನ್ನು ಎಲ್ಲರೂ ಮರೆಯುತ್ತಾರೆ.

ಮಾರ್ಚ್ ಕೊನೆಯ ಎರಡು ವಾರ ಖಜಾನೆಯಲ್ಲಿ ಬಿಲ್ಲುಗಳ ಜಾತ್ರೆ. ಆ ಹೊತ್ತಿಗೆ ನಿಮ್ಮದು ಹೋಗಿಲ್ಲ ಅಂದರೆ ಹೊಸ ಅನುದಾನ ಬರುವವರೆಗೆ ಕಾಯಬೇಕಾಗಬಹುದು. ಸಾಧ್ಯ ಇದ್ದರೆ ಫೆಬ್ರವರಿಯಲ್ಲೇ ಬೆನ್ನು ಹತ್ತಿ.

ಸೇವಾ ವಹಿ ನೋಡಲು ಬಿಡುತ್ತಾರಾ? ಅದರಲ್ಲಿ ಏನು ನೋಡಬೇಕು?

ಬಿಡಬೇಕು. ವರ್ಷಕ್ಕೊಮ್ಮೆ ನೌಕರರಿಗೆ ತೋರಿಸಿ ಸಹಿ ಪಡೆಯುವುದೇ ಕ್ರಮ. ವಿನಯದಿಂದ ಬರೆದು ಕೇಳಿ. ಪುಟ ತಿರುವುವಾಗ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಲು ಅನುಮತಿ ಕೇಳಿ.

ಮೊದಲು ಹೆಸರು. ಸೇವಾ ವಹಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ಹೆಸರು ಇದೆಯಾ? ನಮ್ಮಲ್ಲಿ ಮದುವೆ ಆದ ಮೇಲೆ ಗಂಡನ ಹೆಸರು, ಮನೆತನದ ಹೆಸರು ಸೇರುತ್ತದೆ. ಆಸ್ಪತ್ರೆಯವರು ಆಧಾರ್ ನೋಡಿ ಒಂದು ಬರೆಯುತ್ತಾರೆ, ಸೇವಾ ವಹಿಯಲ್ಲಿ ತಂದೆಯ ಹೆಸರಿನ ಜೊತೆ ಇನ್ನೊಂದು ಇರುತ್ತದೆ. ಇದೊಂದಕ್ಕೇ ತಿಂಗಳುಗಟ್ಟಲೆ ನಿಂತ ಫೈಲುಗಳನ್ನು ನೋಡಿದ್ದೇನೆ.

ಆಮೇಲೆ ಪ್ರತಿ ವರ್ಗಾವಣೆಯ ಬಿಡುಗಡೆ ಮತ್ತು ಹಾಜರಿ ದಿನಾಂಕ. ನಡುವೆ ಖಾಲಿ ಸಾಲು ಕಂಡರೆ ಎಚ್ಚರ. ಆಮೇಲೆ ರಜೆ ಖಾತೆ. ಗಳಿಕೆ ರಜೆ ಸಾಮಾನ್ಯವಾಗಿ ವರ್ಷಕ್ಕೆ 30 ದಿನ, ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮಾ ಆಗಬೇಕು. ನಮ್ಮಂಥ ಶಿಕ್ಷಕರಿಗೆ ಬೇಸಿಗೆ, ದಸರಾ ರಜೆ ಇರುವುದರಿಂದ ಕಡಿಮೆ, ವರ್ಷಕ್ಕೆ 10. ಅರ್ಧ ವೇತನ ರಜೆ ವರ್ಷಕ್ಕೆ 20 ದಿನ. ವೇತನರಹಿತ ರಜೆ ತೆಗೆದುಕೊಂಡಿದ್ದರೆ ಅದರ ಹತ್ತನೇ ಒಂದು ಭಾಗ ಗಳಿಕೆ ರಜೆಯಲ್ಲಿ ಕಳೆಯುತ್ತದೆ. ಯಾವುದೋ ಜನವರಿಯ ಜಮಾ ಬಿಟ್ಟುಹೋಗಿದ್ದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಪ್ಪು. ಪೆನ್ನು, ಹಾಳೆ ತೆಗೆದುಕೊಂಡು ನೀವೇ ಕೂಡಿಸಿ ನೋಡಿ.

ತವರು ಸೊಲ್ಲಾಪುರ. ಹೆರಿಗೆ ಅಲ್ಲೇ ಆಯ್ತು. ಆ ಕಾಗದ ನಡೆಯುತ್ತದಾ?

ನಡೆಯುತ್ತದೆ. ಸೊಲ್ಲಾಪುರ, ಹೈದರಾಬಾದ್, ಲಾತೂರ್, ಎಲ್ಲಿ ಹೆರಿಗೆಯಾದರೂ ಜನನ ನೋಂದಣಿ 1969ರ ಅದೇ ಕೇಂದ್ರ ಕಾಯ್ದೆಯ ಕೆಳಗೆ ನಡೆಯುತ್ತದೆ. ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. ತಡವಾದರೆ ದಂಡ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಬಾಣಂತಿಯನ್ನು ಮನೆಗೆ ಕರೆದುಕೊಂಡು ಬರುವ ಗಡಿಬಿಡಿಯಲ್ಲಿ ಇದನ್ನೇ ಮರೆಯುವುದು. ಡಿಸ್ಚಾರ್ಜ್ ಆಗುವಾಗಲೇ ಆಸ್ಪತ್ರೆಯಲ್ಲಿ ಕೇಳಿ: "ನೋಂದಣಿಗೆ ಕಳಿಸಿದಿರಾ? ತಾಯಿಯ ಹೆಸರು ಏನಂತ ಬರೆದಿದ್ದೀರಿ?"

ತಾಯಿಯ ಹೆಸರನ್ನು ಆ ಫಾರ್ಮಿನಲ್ಲೇ ನೋಡಿ ತಿದ್ದಿಸಿ. ಮರಾಠಿ, ತೆಲುಗು ಮಾತಾಡುವ ಸಿಬ್ಬಂದಿ ನಮ್ಮ ಹೆಸರುಗಳನ್ನು ತಮ್ಮ ಕಿವಿಗೆ ಕೇಳಿದಂತೆ ಬರೆಯುತ್ತಾರೆ. ಶರಣಮ್ಮ ಹೋಗಿ ಶರ್ನಾ ಬಾಯಿ ಆದ ಜನನ ಪತ್ರ ನನ್ನ ಕೈಗೇ ಬಂದಿತ್ತು. ಅದನ್ನು ತಿದ್ದಿಸಲು ಆಕೆಯ ಅಣ್ಣ ಮೂರು ಸಲ ಸೊಲ್ಲಾಪುರಕ್ಕೆ ಹೋಗಿ ಬಂದ.

ಗರ್ಭಪಾತ ಆಯ್ತು. ಅದಕ್ಕೆ ರಜೆ ಇದೆಯಾ? ಕೇಳಲು ಸಂಕೋಚ.

ಇದೆ. ಡಾಕ್ಟರ್ ಸರ್ಟಿಫಿಕೇಟ್ ಮೇಲೆ ಆರು ವಾರದವರೆಗೆ. ಸಂಕೋಚ ಬೇಡ ತಾಯಿ. ಅರ್ಜಿಯಲ್ಲಿ ವಿವರ ಬರೆಯಬೇಕಿಲ್ಲ, ಸರ್ಟಿಫಿಕೇಟನ್ನು ಲಕೋಟೆಯಲ್ಲಿ ಹಾಕಿ ಅಧಿಕಾರಿಯ ಹೆಸರಿಗೆ ಕೊಡಬಹುದು. "ನಾಲ್ಕು ದಿನ ಸಾಂದರ್ಭಿಕ ರಜೆ ಹಾಕಿ ಬಂದುಬಿಡು" ಅಂತ ಮನೆಯವರೇ ಹೇಳುತ್ತಾರೆ. ಹೇಳಿದರೂ ಕೇಳಬೇಡಿ. ಮೈಗೆ ವಿಶ್ರಾಂತಿ ಬೇಕು.

ಅಪ್ಪಂದಿರಿಗೆ?

15 ದಿನ ಪಿತೃತ್ವ ರಜೆ. ಇಬ್ಬರಿಗಿಂತ ಕಡಿಮೆ ಮಕ್ಕಳು ಇರಬೇಕು. ಹೆರಿಗೆಯ ಹೊತ್ತಿಗೇ ಬಳಸಬೇಕು, ಕೂಡಿಡಲು ಬರುವುದಿಲ್ಲ. ನಮ್ಮ ಗಂಡಸರು ಇದನ್ನು ಕೇಳುವುದೇ ಇಲ್ಲ. ದಯವಿಟ್ಟು ಕೇಳಿ. ಹೆಂಡತಿಯ ಫೈಲಿಗೆ ಓಡಾಡಲು ಆ 15 ದಿನದಷ್ಟು ಒಳ್ಳೆಯ ಸಮಯ ಇನ್ನೊಂದಿಲ್ಲ.

ಮಕ್ಕಳ ಪಾಲನೆಗೆ ಆರು ತಿಂಗಳ ರಜೆ ಬಂದಿದೆ ಅಂತಾರೆ, ನಿಜವಾ?

ನಿಜ. 2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆ ತಂದಿತು. ಇಡೀ ಸೇವಾವಧಿಗೆ ಸೇರಿ 180 ದಿನ. ಹೆರಿಗೆ ರಜೆಯಂತೆ ಇದನ್ನು ಕೇಳಿದ ಕೂಡಲೇ ಕೊಡುವುದಿಲ್ಲ. ಮಗುವಿಗೆ ಕಾಯಿಲೆ, ಪರೀಕ್ಷೆ ಹೀಗೆ ಕಾರಣ ಬರೆದು, ಶಾಲೆಯ ಕೆಲಸ ನೋಡಿಕೊಂಡು ಕೇಳಿದರೆ ಸಿಗುವುದು ಸುಲಭ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ತಿಂಗಳಲ್ಲಿ ಪ್ರೌಢಶಾಲೆಯ ಟೀಚರ್ ಕೇಳಿದರೆ ಮುಖ್ಯಗುರುಗಳಿಗೂ ಕಷ್ಟ ಅಲ್ವಾ?

ಮೂರನೇ ಹೆರಿಗೆ. ರಜೆ ಇಲ್ಲವೇ ಇಲ್ವಾ?

ನಿಯಮದ ಪ್ರಕಾರ ಪೂರ್ತಿ ಸಂಬಳದ ಹೆರಿಗೆ ರಜೆ ಇಬ್ಬರು ಮಕ್ಕಳವರೆಗೆ. ಉಳಿದ ರಜೆಗಳನ್ನು ಬಳಸಿಕೊಳ್ಳಬೇಕಾಗುತ್ತದೆ. ಆದರೆ ನಿಮ್ಮ ಸಂಗತಿ ಸ್ವಲ್ಪ ಬೇರೆ ಇದ್ದರೆ ಸುಮ್ಮನೆ ಬಿಡಬೇಡಿ. 2022ರಲ್ಲಿ ಸುಪ್ರೀಂ ಕೋರ್ಟ್, ಗಂಡನ ಮೊದಲ ಮದುವೆಯ ಮಕ್ಕಳನ್ನು ಲೆಕ್ಕ ಹಿಡಿದು ಹೆಂಡತಿಯ ಸ್ವಂತ ಹೆರಿಗೆಗೆ ರಜೆ ನಿರಾಕರಿಸಿದ್ದು ತಪ್ಪು ಅಂದಿತು. 2025ರ ಮೇ ತಿಂಗಳಲ್ಲಿ ತಮಿಳುನಾಡಿನ ಸರ್ಕಾರಿ ಶಿಕ್ಷಕಿಯೊಬ್ಬರ ಪ್ರಕರಣ ಬಂತು. ಆಕೆಯ ಮೊದಲ ಮದುವೆಯ ಇಬ್ಬರು ಮಕ್ಕಳು ಹಳೆಯ ಗಂಡನ ಬಳಿ ಇದ್ದರು. ಎರಡನೇ ಮದುವೆಯ ಹೆರಿಗೆಗೆ ರಜೆ ಕೊಡಬೇಕು ಅಂತ ಅದೇ ಕೋರ್ಟ್ ಹೇಳಿತು. ಮರುಮದುವೆ ಆದ ಹೆಣ್ಣುಮಕ್ಕಳು ನಮ್ಮಲ್ಲೂ ಇದ್ದಾರೆ. ಅರ್ಜಿಯಲ್ಲಿ ಈ ತೀರ್ಪುಗಳನ್ನು ಹೆಸರಿಸಿ, ಪ್ರತಿ ಲಗತ್ತಿಸಿ.

ಕಾಯಿಲೆ ಬಿದ್ದು ಒಂದೂವರೆ ತಿಂಗಳು ಮಲಗಿದ್ದೆ. ಯಾವ ರಜೆ ಕೇಳಲಿ?

ಪರಿವರ್ತಿತ ರಜೆ. ಅರ್ಧ ವೇತನ ರಜೆಯ ಎರಡು ದಿನ ಕೊಟ್ಟು ಪೂರ್ತಿ ಸಂಬಳದ ಒಂದು ದಿನ ಪಡೆಯುವುದು. 45 ದಿನಕ್ಕೆ 90 ಅರ್ಧ ವೇತನ ರಜೆ ಖಾತೆಯಲ್ಲಿ ಇರಬೇಕು. ಡಾಕ್ಟರ್ ಸರ್ಟಿಫಿಕೇಟ್ ಬೇಕು, ವಾಪಸ್ ಹಾಜರಾಗುವ ದಿನ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಎರಡರಲ್ಲೂ ದಿನಾಂಕಗಳು ಕೂಡಿಬರಬೇಕು. 14ಕ್ಕೆ ಗುಣವಾಯಿತು ಅಂತ ಡಾಕ್ಟರ್ ಬರೆದು, ನೀವು 17ಕ್ಕೆ ಹಾಜರಾದರೆ ನಡುವಿನ ಎರಡು ದಿನಕ್ಕೆ ಆಕ್ಷೇಪಣೆ ಬರುತ್ತದೆ.

ಇನ್ನು ಸಾಂದರ್ಭಿಕ ರಜೆ. ತಿಂಗಳ ನಾಲ್ಕನೇ ಶನಿವಾರ ರಜೆಯಾದ ಮೇಲೆ, 2019ರಲ್ಲಿ, ಕಚೇರಿಗಳಲ್ಲಿ ಅದು 15ರಿಂದ 10ಕ್ಕೆ ಇಳಿಯಿತು. ಅದನ್ನು ಇಂಥ ಉದ್ದ ಕಾಯಿಲೆಗೆ ಜೋಡಿಸಲು ಬರುವುದಿಲ್ಲ.

ವರ್ಷಕ್ಕೆ 15 ದಿನದ ಗಳಿಕೆ ರಜೆ ನಗದು ಮಾಡಿಕೊಳ್ಳಲು ಯಾಕೆ ಇಷ್ಟು ತಡ?

ರಜೆ ಖಾತೆ ತುಂಬಿಲ್ಲದಿರುವುದೇ ಹೆಚ್ಚು. ಕೋವಿಡ್ ಕಾಲದಲ್ಲಿ ಸರ್ಕಾರವೇ ಇದನ್ನು ತಡೆ ಹಿಡಿದಿತ್ತು, ಆಗಿನ ಗೊಂದಲ ಕೆಲವರ ಖಾತೆಯಲ್ಲಿ ಇನ್ನೂ ಉಳಿದಿದೆ. ಲೆಕ್ಕ ಸರಳ. ಮೂಲ ವೇತನ, ತುಟ್ಟಿಭತ್ಯೆ ಸೇರಿ 60,000 ರೂಪಾಯಿ ಅಂದುಕೊಳ್ಳಿ. 30ರಿಂದ ಭಾಗಿಸಿದರೆ ದಿನಕ್ಕೆ 2,000. 15 ದಿನಕ್ಕೆ 30,000. ಸೇವೆಯಲ್ಲಿದ್ದಾಗ ಪಡೆದ ಈ ಹಣ ಆದಾಯ ತೆರಿಗೆ ಲೆಕ್ಕಕ್ಕೆ ಸೇರುತ್ತದೆ. ನಿವೃತ್ತಿಯಲ್ಲಿ ಪಡೆದದ್ದಕ್ಕೆ ಸರ್ಕಾರಿ ನೌಕರರಿಗೆ ತೆರಿಗೆ ಇಲ್ಲ.

ನಮ್ಮ ತಂದೆ ನಿವೃತ್ತರಾಗಿ ಎಂಟು ತಿಂಗಳಾಯ್ತು. ರಜೆಯ ಹಣ ಬಂದಿಲ್ಲ. ಬೆಂಗಳೂರಿನಿಂದ ಬರಬೇಕು ಅಂತಾರೆ.

ಪಿಂಚಣಿ ಕಾಗದ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ, ಸರಿ. ಗಳಿಕೆ ರಜೆ ನಗದೀಕರಣ ಅಲ್ಲಿಗೆ ಹೋಗಬೇಕಾದ್ದಲ್ಲ. ಅದನ್ನು ಇಲಾಖೆಯ ಅಧಿಕಾರಿಯೇ ಮಂಜೂರು ಮಾಡಿ ಇಲ್ಲಿಯ ಖಜಾನೆಯಿಂದ ಕೊಡಿಸುತ್ತಾರೆ. ಎರಡನ್ನೂ ಬೆರೆಸಿ ಹೇಳಿದ ಮಾತನ್ನು ನಂಬಿ ಎಷ್ಟೋ ಹಿರಿಯರು ವರ್ಷಗಟ್ಟಲೆ ಕಾದಿದ್ದಾರೆ. ಗರಿಷ್ಠ 300 ದಿನ. 2006ರ ಏಪ್ರಿಲ್ 1ರ ನಂತರ ಸೇರಿ ಎನ್‌ಪಿಎಸ್‌ನಲ್ಲಿ (ಹೊಸ ಪಿಂಚಣಿ ಯೋಜನೆ) ಇರುವವರಿಗೂ ಈ ಹಣ ಇದೆ.

ತಂದೆಯವರ ಬಳಿ ಕೂತು ಎಲ್ಲೆಲ್ಲಿ ಕೆಲಸ ಮಾಡಿದರು ಅಂತ ಬರೆದುಕೊಳ್ಳಿ. ಒಬ್ಬ ಮೇಷ್ಟ್ರ 240 ದಿನದಲ್ಲಿ 60 ದಿನ ಕಾಣೆಯಾಗಿತ್ತು. ಅವರು ಹಿಂದೆ ಕೆಲಸ ಮಾಡಿದ್ದ ತಾಲ್ಲೂಕಿನ ರಜೆ ಖಾತೆಯ ಹಾಳೆ ಹೊಸ ಸೇವಾ ವಹಿಗೆ ಬಂದೇ ಇರಲಿಲ್ಲ. ಅವರ ಸಂಬಳದ ಲೆಕ್ಕದಲ್ಲಿ ಅದು ಲಕ್ಷಕ್ಕಿಂತ ಮೇಲಿನ ಮೊತ್ತ. ಮಗಳ ಮದುವೆಗೆ ಅಂತ ನಂಬಿಕೊಂಡಿದ್ದ ಹಣ.

ನೌಕರರು ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಖಾತೆಯಲ್ಲಿ ಉಳಿದ ಗಳಿಕೆ ರಜೆಯ ಹಣ ಕುಟುಂಬಕ್ಕೆ ಸೇರಬೇಕು, ಅದೂ 300 ದಿನದ ಮಿತಿಯಲ್ಲಿ. ದುಃಖದ ಮನೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಸಹೋದ್ಯೋಗಿಗಳೇ ಅರ್ಜಿ ಬರೆದುಕೊಡಬೇಕು.

"ಸ್ವಲ್ಪ ಚಹಾ ನೀರಿಗೆ" ಅಂತ ಹಣ ಕೇಳಿದರು. ಕೊಟ್ಟು ಮುಗಿಸಿಬಿಡಲಾ?

ಕೊಡಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಟ್ಟವರೂ ಅಪರಾಧಿಗಳೇ. ಒತ್ತಾಯಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ. ಕೊಡುವ ಮುಂಚೆಯೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ, ಕಲಬುರಗಿಯಲ್ಲೇ ಕಚೇರಿ ಇದೆ. ಅಷ್ಟು ಧೈರ್ಯ ಬಾರದಿದ್ದರೆ, ಅರ್ಥವಾಗುತ್ತದೆ, ಆಗ ಮುಂದಿನ ಪ್ರಶ್ನೆಯ ದಾರಿ ಹಿಡಿಯಿರಿ.

ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಸಿಟ್ಟಾಗುವುದಿಲ್ವಾ?

ಆಗಬಹುದು. ಅದಕ್ಕೇ ಮೊದಲು ಒಂದು ನೆನಪೋಲೆ ಕೊಡಿ, ಹದಿನೈದು ದಿನ ಬಿಟ್ಟು ಇನ್ನೊಂದು. ಎರಡಕ್ಕೂ ಸೀಲ್. ಆಮೇಲೂ ಉತ್ತರ ಇಲ್ಲ ಅಂದರೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ತಡ ಮಾಡಿದಿರಿ" ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಯಾಕೆಂದರೆ ಕಾಯ್ದೆ ಕೊಡಿಸುವುದು ದಾಖಲೆಯನ್ನು. ಹೀಗೆ ಬರೆಯಿರಿ: "ನನ್ನ ಹೆರಿಗೆ ರಜೆ ಅರ್ಜಿ, ಆವಕ ಸಂಖ್ಯೆ ಇಷ್ಟು, ದಿನಾಂಕ ಇಷ್ಟು, ಇದರ ಮೇಲೆ ಇಂದಿನವರೆಗೆ ಬರೆದ ಎಲ್ಲಾ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ." ಈ ಒಂದು ವಾಕ್ಯಕ್ಕೇ ಫೈಲು ಓಡಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ, ನಕಲು ಕೊಡುವ ಮುಂಚೆ ಖಾಲಿ ಹಾಳೆ ತುಂಬಬೇಕಲ್ಲ.

ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಕಲಬುರಗಿಯಲ್ಲೂ ಇದೆ.

ಕೋರ್ಟಿಗೆ ಹೋಗಬೇಕಾ?

ಅಪರೂಪಕ್ಕೆ. ಸರ್ಕಾರಿ ನೌಕರರ ಸೇವಾ ವಿಷಯಕ್ಕೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ, ಅದರ ಪೀಠವೂ ಕಲಬುರಗಿಯಲ್ಲೇ. ಮೊದಲು ಮೇಲಧಿಕಾರಿಗೆ ಮನವಿ ಕೊಡಬೇಕು. ಆರು ತಿಂಗಳು ಉತ್ತರ ಬರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. ಮನವಿಯ ಮೇಲಿನ ಸೀಲಿನ ದಿನಾಂಕವೇ ಇಲ್ಲಿ ಲೆಕ್ಕಕ್ಕೆ ಬರುವುದು.

ನಾನು ಹೊರಗುತ್ತಿಗೆ ನೌಕರಳು. ನನಗೆ ಏನೂ ಇಲ್ವಾ?

ಇದೆ. ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಹಣ, ಕಡಿಯುತ್ತಾರಾ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರಲ್ಲಿ ಬರುತ್ತಾರೆ. ಹೆರಿಗೆಗೆ 26 ವಾರ, ಪೂರ್ತಿ ಸಂಬಳದಷ್ಟು ಹಣ ಇಎಸ್‌ಐಯಿಂದ ನೇರ ನಿಮ್ಮ ಖಾತೆಗೆ. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ (ಒಂದು ಅವಧಿ ಅಂದರೆ ಆರು ತಿಂಗಳು) ಕನಿಷ್ಠ 70 ದಿನದ ವಂತಿಗೆ ಕಟ್ಟಿರಬೇಕು. ಏಜೆನ್ಸಿಯವರು ಕಡಿದುಕೊಂಡು ಕಟ್ಟದೇ ಇರುವುದೂ ಉಂಟು. ಆದ್ದರಿಂದ ಹೊಟ್ಟೆಯಲ್ಲಿ ಮಗು ಇದೆ ಅಂತ ಗೊತ್ತಾದ ತಿಂಗಳೇ ನಿಮ್ಮ ವಂತಿಗೆಯ ಪಟ್ಟಿ ತೆಗೆಸಿ ನೋಡಿ. ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ತೋರಿಸಲು ಹೋದಾಗಲೇ ಈ ಕಾಗದ ಯಾರ ಹತ್ತಿರ ಮಾಡಿಸಬೇಕು ಅಂತ ವಿಚಾರಿಸಿ.

ದಿನಗೂಲಿ ಹೆಣ್ಣುಮಕ್ಕಳಿಗೂ ಹೆರಿಗೆ ಸೌಲಭ್ಯ ಉಂಟು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ನಡುವೆ ಗುತ್ತಿಗೆ ಮುಗಿದರೂ ಸೌಲಭ್ಯ ನಿಲ್ಲಿಸಬಾರದು ಅಂತ 2023ರಲ್ಲಿ ಹೇಳಿದೆ. "ನಿಂದು ಮಾರ್ಚಿಗೆ ಮುಗೀತದಲ್ಲ" ಅಂತ ಯಾರಾದರೂ ಅಂದರೆ ಇದನ್ನು ತೋರಿಸಿ.

ರಜೆ ಮುಗಿಸಿ ಹಾಜರಾಗುವ ದಿನ ಏನು ಮಾಡಬೇಕು?

ಹಾಜರಿ ಪುಸ್ತಕದಲ್ಲಿ ಸಹಿ ಮಾಡುವ ಮುಂಚೆ ಹಾಜರಾದ ವರದಿ ಬರೆಯಿರಿ. ಬೆಳಗಿನ ಪಾಳಿಯಾ, ಮಧ್ಯಾಹ್ನದ ಪಾಳಿಯಾ ಅನ್ನುವುದೂ ಇರಲಿ. ಮುಖ್ಯಗುರುಗಳ ಸಹಿ, ಶಾಲೆಯ ಸೀಲ್, ಒಂದು ಪ್ರತಿ ನಿಮಗೆ, ಒಂದು ಕಚೇರಿಗೆ. ಜನನ ಪ್ರಮಾಣಪತ್ರ ಇನ್ನೂ ಕೊಟ್ಟಿಲ್ಲದಿದ್ದರೆ ಅದನ್ನೂ ಇದರ ಜೊತೆಗೇ ಕಳಿಸಿ. ಮುಂದಿನ ಸಂಬಳದ ಚೀಟಿ ಬಂದಾಗ ನಿಮ್ಮ ಹೆಸರಿನ ಮುಂದೆ ಎಷ್ಟು ದಿನದ ವೇತನ ತೋರಿಸಿದೆ ಅಂತ ನೋಡಿ. ಕಡಿಮೆ ಇದ್ದರೆ ಅದೇ ವಾರ ಹೋಗಿ. ಬೇಸಿಗೆಯಾಗಿದ್ದರೆ ಬೆಳಗ್ಗೆ ಎಂಟಕ್ಕೇ ಅಲ್ಲಿ ಇರಿ, ಮಗುವನ್ನು ಮನೆಯ ನೆರಳಲ್ಲೇ ಬಿಟ್ಟು, ಕುಡಿಯಲು ನೀರು ತೆಗೆದುಕೊಂಡು.